ಸೆಮಿನರಿ ಪ್ರಿನ್ಸಿಪಾಲರಿಗೆ ಸನ್ಮಾನ: ಶಾಲೊಂದೇ ಸಾಲದು

ದಾವಣಗೆರೆಯಲ್ಲಿ ಸನ್ಮಾನ ಅಂದ್ರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ಮುಗಿಯದ ಭಾಷಣ, ಅಲ್ವಾ? ಅದಿರಲಿ. ಆದರೆ ಸೆಮಿನರಿಯಲ್ಲಿ, ಅಂದ್ರೆ ಪಾಸ್ಟರ್‌ಗಳನ್ನು ತಯಾರು ಮಾಡುವ ಕ್ರೈಸ್ತ ಕಾಲೇಜಿನಲ್ಲಿ, ಜೀವನವಿಡೀ ರಿಫಾರ್ಮ್ಡ್ (ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಥ) ದೇವತಾಶಾಸ್ತ್ರ ಕಲಿಸಿ ನಿವೃತ್ತರಾದ ಪ್ರಿನ್ಸಿಪಾಲರಿಗೆ ಬೇರೇನಾದರೂ ಬೇಕು. ಎರಡು ತಿಂಗಳು ಮೊದಲೇ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ಹಳ್ಳಿ ಚರ್ಚ್‌ಗಳಲ್ಲಿ ಪಾಸ್ಟರ್ ಆಗಿರುವವರನ್ನೂ ಬಿಡದೆ, ಒಬ್ಬೊಬ್ಬರಿಂದ ಒಂದೊಂದು ಪುಟ ಬರೆಸಿ. ಸುಮ್ನೆ ಹೊಗಳುವುದು ಬೇಡ. ಯಾವ ಪಾಠ, ಯಾವ ಬೈಗುಳ ಇನ್ನೂ ನೆನಪಿದೆಯೋ ಅದನ್ನೇ ಬರೆಯಲಿ. ಹೊಗಳಿಕೆ ಜಾಸ್ತಿ ಆದರೆ ಅವರಿಗೇ ಮುಜುಗರ: ರಿಫಾರ್ಮ್ಡ್ ಪಂಥಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರಾದ, 1564ರಲ್ಲಿ ಜಿನೀವಾದಲ್ಲಿ ತೀರಿಕೊಂಡ ಕ್ಯಾಲ್ವಿನ್ ತಮ್ಮ ಸಮಾಧಿಗೆ ಗುರುತಿನ ಕಲ್ಲೂ ಬೇಡ ಎಂದಿದ್ದರು! ಪ್ರಿನ್ಸಿಪಾಲರ ಕೈಬರಹದ ನೋಟ್ಸ್ ಸ್ಕ್ಯಾನ್ ಮಾಡಿಸಿ. ಉಳಿದ ದುಡ್ಡಲ್ಲಿ ಸೆಮಿನರಿ ಲೈಬ್ರರಿಗೆ ಪುಸ್ತಕ ಕೊಡಿಸಿ. ಬೆಣ್ಣೆ ದೋಸೆಯನ್ನು ಮಾತ್ರ ಭಾಷಣಕ್ಕಿಂತ ಮೊದಲೇ ಬಡಿಸಿ.