ದೊಡ್ಡಪ್ಪನ ಸೂಪರ್ 8 ಕ್ಯಾಮೆರಾ ಮತ್ತು ಒಳಗೇ ನಿಂತ ಫಿಲ್ಮು

ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ದೊಡ್ಡಪ್ಪನ ಸೂಪರ್ 8, ಅಂದರೆ ಸಣ್ಣ ಫಿಲ್ಮಿನ ಮನೆಬಳಕೆಯ ಸಿನಿಮಾ ಕ್ಯಾಮೆರಾ, ಅಟ್ಟದ ಮೇಲಿತ್ತು. ಕೆಳಗೆ ಅಡುಗೆಮನೆಯ ಒಲೆ. ಆ ಬಿಸಿಗೇ ಇರಬೇಕು, ಇಷ್ಟು ವರ್ಷ ಕಳೆದರೂ ಲೆನ್ಸಿಗೆ ಬೂಷ್ಟು ಹಿಡಿದಿರಲಿಲ್ಲ. ಬ್ಯಾಟರಿ ಗೂಡಿನಲ್ಲಿ ಮಾತ್ರ ಹಸಿರು ಕಿಲುಬು. ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ, ಒಣಗಿಸಿ, ಹೊಸ ಸೆಲ್ ಹಾಕಿದೆ. ಮೋಟಾರು ಗುರ್ ಎಂದಿತು. ಅಷ್ಟಕ್ಕೇ ಎಲ್ಲ ಸರಿಯಾಯಿತು ಎಂದುಕೊಂಡೆ.

ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ದಿನ ಹೊಸ ಕಾರ್ಟ್ರಿಡ್ಜ್, ಅಂದರೆ ಫಿಲ್ಮು ಸುತ್ತಿಟ್ಟ ಡಬ್ಬಿ, ಹಾಕಿ ತೋಟಕ್ಕಿಳಿದೆ. ಒಂದರಲ್ಲಿ ಇರುವುದು 50 ಅಡಿ ಫಿಲ್ಮು. ಸೆಕೆಂಡಿಗೆ 18 ಚೌಕದಂತೆ (ಫ್ರೇಮ್) ಓಡಿಸಿದರೆ 3 ನಿಮಿಷ 20 ಸೆಕೆಂಡಿಗೆ ಮುಗಿಯುತ್ತದೆ, ಹಾಗಾಗಿ ಒಂದೊಂದು ದೃಶ್ಯವನ್ನೂ ಯೋಚಿಸಿ ತೆಗೆದೆ. ಮರ ಹತ್ತಿ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವುದು, ಕೆಳಗೆ ಹಗ್ಗ ಹಿಡಿದು ನಿಂತವನ ಬಳಿಗೆ ಕೊನೆ ಜಾರಿ ಬರುವುದು. ಅಡಿ ತೋರಿಸುವ ಮುಳ್ಳು ಸಲೀಸಾಗಿ 50ಕ್ಕೆ ಬಂತು. ಕಾರ್ಟ್ರಿಡ್ಜ್ ಹೊರತೆಗೆದು ನೋಡಿದರೆ ಅದರ ಕಿಟಕಿಯಲ್ಲಿ ಬರಿಯ ಫಿಲ್ಮು. ಪೂರ್ತಿ ಓಡಿದ್ದರೆ ಅಲ್ಲಿ ‘ಎಕ್ಸ್‌ಪೋಸ್ಡ್’ ಎಂಬ ಅಚ್ಚು ಕಾಣಬೇಕಿತ್ತು. ಎದೆ ಧಸಕ್ಕೆಂದಿತು.

ಆ ಮೇಲೆ ತಿಳಿದದ್ದು ಇಷ್ಟು. 1965ರಲ್ಲಿ ಬಂದ ಈ ಕಾರ್ಟ್ರಿಡ್ಜಿನಲ್ಲಿ ಖಾಲಿಯಾಗುವ ಸುರುಳಿ, ತುಂಬುವ ಸುರುಳಿ ಎರಡೂ ಒಂದರ ಪಕ್ಕ ಒಂದು, ಒಂದೇ ಅಕ್ಷದ ಮೇಲೆ ಕೂತಿರುತ್ತವೆ. ಫಿಲ್ಮು ಪಕ್ಕಕ್ಕೆ ಸರಿದು ದಾಟಬೇಕು, ಹಾಗಾಗಿ ಉಜ್ಜಾಟ ಇದ್ದೇ ಇದೆ. ಕ್ಯಾಮೆರಾದ ಉಗುರು ಫಿಲ್ಮನ್ನು ಕೆಳಕ್ಕೆ ಎಳೆಯುತ್ತದೆ. ಬಂದದ್ದನ್ನು ಸುತ್ತಿಕೊಳ್ಳುವುದು ಕ್ಲಚ್ ಮೂಲಕ ತಿರುಗುವ ಸಣ್ಣ ಕಡ್ಡಿಯ ಕೆಲಸ. ಆ ಕಡ್ಡಿಗೆ ಬಲ ಸಾಲದಿದ್ದರೆ ಫಿಲ್ಮು ಒಳಗೇ ಮಡಿಚಿ ತುಂಬಿ ನಿಲ್ಲುತ್ತದೆ. ಮೋಟಾರು ಸುಮ್ಮನೆ ತಿರುಗುತ್ತಲೇ ಇರುತ್ತದೆ. ನನ್ನ ಕ್ಯಾಮೆರಾದಲ್ಲಿ ಅಡಿಯ ಮುಳ್ಳಿಗೂ ಫಿಲ್ಮಿಗೂ ಸಂಬಂಧವೇ ಇಲ್ಲ, ಅದನ್ನು ನಡೆಸುವುದೂ ಮೋಟಾರೇ. ಸದ್ದನ್ನೂ ಮುಳ್ಳನ್ನೂ ನಂಬಿ ನಾನು ಒಂದು ವರ್ಷದ ಕೊಯ್ಲು ಕಳೆದುಕೊಂಡೆ.

ಪರೀಕ್ಷೆ ಸುಲಭ. ಕಾರ್ಟ್ರಿಡ್ಜ್ ಹಾಕದೆ ಮೋಟಾರು ಓಡಿಸಿ ಆ ಕಡ್ಡಿಯನ್ನು ಬೆರಳಲ್ಲಿ ಹಗುರವಾಗಿ ಹಿಡಿಯಬೇಕು. ಬೆರಳಿಗೆ ಎಳೆತ ಗೊತ್ತಾಗಬೇಕು, ಬಿಟ್ಟ ತಕ್ಷಣ ಮತ್ತೆ ತಿರುಗಬೇಕು. ನನ್ನದು ಮುಟ್ಟಿದರೆ ಸತ್ತಂತೆ ನಿಲ್ಲುತ್ತಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. “ಗ್ರೀಸ್ ಅಂಟಾಗಿದೆ ಮಾರಾಯ್ರೆ, ಕ್ಲಚ್ ಹಿಡಿತಾ ಇಲ್ಲ” ಎಂದರು. ಬಿಚ್ಚಿ, ಹಳೆಯ ಗ್ರೀಸನ್ನು ಸ್ಪಿರಿಟಿನಲ್ಲಿ ಒರೆಸಿ ತೆಗೆದು, ಸೂಜಿ ಮೊನೆಯಷ್ಟು ಎಣ್ಣೆ ಬಿಟ್ಟರು. ಅವರ ತಾಳ್ಮೆಗೆ ನಾನು ಋಣಿ.

ಇನ್ನುಳಿದದ್ದು ನಮ್ಮ ಥಂಡಿ. ಫ್ರಿಜ್ಜಿನಿಂದ ತೆಗೆದ ಕಾರ್ಟ್ರಿಡ್ಜನ್ನು ಲಕೋಟೆ ಒಡೆಯದೆ ಅರ್ಧ ದಿನ ಹೊರಗಿಡುತ್ತೇನೆ. ಇಲ್ಲದಿದ್ದರೆ ಮಲೆನಾಡಿನ ಗಾಳಿಯ ಪಸೆ ಫಿಲ್ಮಿನ ಮೇಲೆ ಕೂರುತ್ತದೆ. ಹಾಕುವ ಮೊದಲು ಅಂಗೈಗೆ ಎರಡು ಸಲ ಮೆಲ್ಲಗೆ ಬಡಿದು, ಸುತ್ತುವ ಗುಂಡಿಯನ್ನು ಅದು ತಿರುಗುವ ದಿಕ್ಕಿಗೇ ಬೆರಳಿಂದ ತಿರುಗಿಸಿ ಸಡಿಲ ತೆಗೆಯುತ್ತೇನೆ. ಕಿಟಕಿಯಲ್ಲಿ ಕಾಣುವ ಫಿಲ್ಮಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಎರಡು ಸೆಕೆಂಡು ಓಡಿಸಿ, ತೆರೆದು ನೋಡುತ್ತೇನೆ. ಗೆರೆ ಮಾಯವಾಗಿದ್ದರೆ ಫಿಲ್ಮು ನಡೆಯುತ್ತಿದೆ ಎಂದರ್ಥ. ಕೆಲವು ಚೌಕ ಹಾಳಾಗುತ್ತವೆ, ಆಗಲಿ. ಮಧ್ಯದಲ್ಲಿ ಮತ್ತೊಮ್ಮೆ ತೆರೆದು ನೋಡುವುದೂ ಉಂಟು. ಬಾಗಿಲು ತೆರೆದರೆ ಮುಳ್ಳು ಸೊನ್ನೆಗೆ ಹೋಗುತ್ತದೆ, ಅದಕ್ಕೇ ಎಷ್ಟು ಅಡಿ ಆಯಿತೆಂದು ಮೊದಲೇ ಪುಸ್ತಕದಲ್ಲಿ ಬರೆದಿಡಬೇಕು.

ಮರುವರ್ಷ ಅದೇ ತೋಟ, ಅದೇ ಕೊನೆಗೌಡ. 20 ಅಡಿಗೆ ಒಮ್ಮೆ, 35ಕ್ಕೆ ಒಮ್ಮೆ ಗೆರೆ ಎಳೆದು ನೋಡಿದೆ. ಎರಡು ಸಲವೂ ಗೆರೆ ಹೋಗಿತ್ತು. ಸಂಜೆ ಅಂಗಳದಲ್ಲಿ ಅಡಿಕೆ ಸುಲಿಯಲು ಎಲ್ಲರೂ ಕೂತಿದ್ದಾಗ ಕಾರ್ಟ್ರಿಡ್ಜ್ ಹೊರತೆಗೆದೆ. ಕಿಟಕಿಯಲ್ಲಿ ಆ ಅಚ್ಚು ಇತ್ತು. ದೊಡ್ಡಮ್ಮನಿಗೂ ತೋರಿಸಿದೆ.