ಕಟಾ ಕೈಗೆ ಹತ್ತಬೇಕಾದರೆ: ಕರಾಟೆಯನ್ನು ಪರೀಕ್ಷಿಸಿ ಕಲಿಯುವ ಕ್ರಮ

ಜಪಾನಿನ ಒಕಿನಾವಾ ದ್ವೀಪದ ಶಾಲೆಗಳಿಗೆ ಕರಾಟೆಯನ್ನು ತಂದ ಇತೊಸು ಅಂಕೊ ಅವರು 1908ರ ಅಕ್ಟೋಬರಿನಲ್ಲಿ ಹತ್ತು ಸೂತ್ರಗಳಿರುವ ಒಂದು ಪತ್ರವನ್ನು ಬರೆದರು. ಕರಾಟೆಯಿರುವುದು ಒಬ್ಬ ಎದುರಾಳಿಯೊಡನೆ ಸೆಣಸಿ ಗೆಲ್ಲುವುದಕ್ಕಲ್ಲ, ಅಕಸ್ಮಾತ್ತಾಗಿ ಪುಂಡನೊಬ್ಬ ಮೇಲೆ ಬಿದ್ದರೆ ಕೈಕಾಲು ಬಳಸಿ ಪೆಟ್ಟಿನಿಂದ ಪಾರಾಗುವುದಕ್ಕೆ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಪ್ರತಿಯೊಂದು ಚಲನೆಯ ಅರ್ಥವನ್ನು ಕೇಳಿ ತಿಳಿದು, ಅದನ್ನು ಯಾವ ಸಂದರ್ಭದಲ್ಲಿ ಬಳಸಬೇಕೆಂದು ನಿಶ್ಚಯಿಸಿಕೊಂಡೇ ಅಭ್ಯಾಸ ಮಾಡಬೇಕೆಂಬುದು ಅವರ ಇನ್ನೊಂದು ಸೂತ್ರ. ನಮ್ಮಲ್ಲಿ ಬೆಲ್ಟ್ ಪರೀಕ್ಷೆಗೆಂದು ಕಟಾ (ನಿಗದಿತ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ) ಕಲಿಯುವ ಹೆಚ್ಚಿನವರು ಈ ಎರಡನೆಯ ಮಾತನ್ನು ಕೇಳಿಯೇ ಇರುವುದಿಲ್ಲ. ಆದ್ದರಿಂದ ಸಂಪ್ರದಾಯವನ್ನು ಪರೀಕ್ಷೆಗೆ ಒಡ್ಡುವುದೆಂದರೆ ಅದಕ್ಕೆ ಅಗೌರವ ತೋರಿದಂತೆ ಎಂದು ಹಿಂಜರಿಯಬೇಕಾಗಿಲ್ಲ.

ಒಂದೇ ಒಂದು ಚಲನೆಯಿಂದ ಆರಂಭಿಸಬಹುದು. ಶೊಟೊಕಾನ್ ಪಂಥದವರು ಹೆಯಾನ್ ಶೊದಾನ್ ಎಂದೂ ಹಳೆಯ ಹೆಸರನ್ನು ಉಳಿಸಿಕೊಂಡ ಪಂಥಗಳವರು ಪಿನಾನ್ ನಿದಾನ್ ಎಂದೂ ಕರೆಯುವ ಕಟಾದಲ್ಲಿ, ಹಿಂದಕ್ಕೆ ತಿರುಗಿ ಕೆಳಗಿನ ಬ್ಲಾಕ್ (ಕೆಳಗೆ ಬರುವ ಹೊಡೆತವನ್ನು ತೋಳಿನಿಂದ ತಡೆಯುವುದು) ಮಾಡಿದ ಮೇಲೆ, ಮುಂದಿನ ಕಾಲನ್ನು ತುಸು ಹಿಂದಕ್ಕೆಳೆದು, ಬಲಗೈಯನ್ನು ಮೈಯತ್ತ ಸೆಳೆದು, ಮೇಲಿನಿಂದ ಸುತ್ತಿಗೆ ಬೀಸಿದಂತೆ ಮುಷ್ಟಿಯನ್ನು ಇಳಿಸುವ ಜಾಗವೊಂದಿದೆ. ಮಣಿಕಟ್ಟು ಹಿಡಿದವನಿಂದ ಬಿಡಿಸಿಕೊಳ್ಳುವ ತಂತ್ರ ಇದು ಎಂಬ ವಿವರಣೆ ಬಹಳ ಕಡೆ ಸಿಗುತ್ತದೆ. ಬ್ರೌನ್ ಬೆಲ್ಟ್ ಬರುವವರೆಗೂ ನಾನು ಅದನ್ನು ಹಾಗೆಯೇ ನಂಬಿದ್ದೆ; ಒಮ್ಮೆ ಮನೆಯಲ್ಲಿ ಅಣ್ಣ ತಮಾಷೆಗೆ ಕೈ ಹಿಡಿದು ಎಳೆದಾಗ ನನ್ನ ಕಾಲು ಜಾರಿತೇ ಹೊರತು ಕೈ ಬಿಡಲಿಲ್ಲ. ತಪ್ಪು ಕಟಾದ್ದಲ್ಲ. ಎಳೆಯದೆ ಸುಮ್ಮನೆ ನಿಂತ ಜೊತೆಗಾರನ ಮೇಲಷ್ಟೇ ನಾನು ಅದನ್ನು ಕಲಿತಿದ್ದೆ.

ಮೊದಲ ಹಂತದಲ್ಲಿ ಜೊತೆಗಾರ ನಿಂತಲ್ಲೇ ನಿಂತು ಬಿಗಿಯಾಗಿ ಹಿಡಿಯಲಿ. ಹಿಡಿತದಲ್ಲಿ ಹೆಬ್ಬೆರಳಿನ ತುದಿಯೂ ಉಳಿದ ಬೆರಳುಗಳ ತುದಿಯೂ ಕೂಡುವ ಜಾಗವೇ ದುರ್ಬಲವಾದದ್ದು. ಮಣಿಕಟ್ಟಿನ ತೆಳ್ಳನೆಯ ಅಂಚನ್ನು ಅತ್ತ ತಿರುಗಿಸಿ, ಮೊಣಕೈಯನ್ನು ಅವನ ಕಡೆಗೇ ಸರಿಸುತ್ತ, ತೋಳಿನ ಬಲಕ್ಕಿಂತ ಕಾಲು ಸೊಂಟಗಳ ಬಲದಿಂದ ಬಿಡಿಸಿಕೊಳ್ಳಬೇಕು. ಎರಡನೆಯ ಹಂತದಲ್ಲಿ ಅವನು ನಡೆಯುತ್ತ ಎಳೆಯಲಿ. ಮೂರನೆಯದರಲ್ಲಿ ಎಳೆಯುವ ಜೊತೆಗೆ ಇನ್ನೊಂದು ಕೈಗೆ ಗ್ಲೌಸ್ ಹಾಕಿಕೊಂಡು ಮುಖದತ್ತ ಬೀಸಲಿ, ಏಕೆಂದರೆ ಕೈ ಹಿಡಿದವನ ಇನ್ನೊಂದು ಕೈ ಖಾಲಿಯೇ ಇರುತ್ತದೆ. ಕೊನೆಯ ಹಂತದಲ್ಲಿ ಯಾವ ಕೈಯನ್ನು ಯಾವಾಗ ಹಿಡಿಯುತ್ತಾನೆಂಬುದು ನಿಮಗೆ ತಿಳಿದಿರಬಾರದು. ಇಪ್ಪತ್ತು ಪ್ರಯತ್ನಗಳಲ್ಲಿ ಎಷ್ಟು ಬಾರಿ ಬಿಡಿಸಿಕೊಂಡಿರೆಂದು ಪುಸ್ತಕದಲ್ಲಿ ಬರೆದಿಡಿ. ನಿಮಗಿಂತ ಹೆಚ್ಚು ತೂಕದವನೆದುರು ಈ ಸಂಖ್ಯೆ ಕುಸಿದರೆ, ಮೊದಲು ಮೊಣಕಾಲ ಕೆಳಗೆ ಒದ್ದು ಅಥವಾ ಅಂಗೈಯಿಂದ ಮುಖಕ್ಕೆ ಹೊಡೆದು ಅವನ ಗಮನ ತಪ್ಪಿಸಿ, ಆಮೇಲೆ ಕೈ ಬಿಡಿಸಿಕೊಳ್ಳುವುದನ್ನು ಅಭ್ಯಾಸ ಮಾಡಬೇಕು. ಈ ಹೊಡೆತಗಳನ್ನು ಪ್ಯಾಡ್ ಮೇಲೆಯೇ ಕಲಿಯಿರಿ.

ಸಾಲಾಗಿ ನಿಂತು ಒಂದೇ ಪಂಚನ್ನು ನೂರು ಬಾರಿ ಹಾಕಿದರೆ ತರಗತಿ ನೋಡಲು ಚೆಂದ. ಆದರೆ ಷೀ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೊಂದೇ ಚಲನೆಯನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋದವರು ಅಭ್ಯಾಸದ ವೇಳೆ ಮುಂದಿದ್ದರೂ, ಚಲನೆಗಳನ್ನು ಕಲಸಿ ಅಭ್ಯಾಸ ಮಾಡಿದವರೇ ಅನಂತರದ ಪರೀಕ್ಷೆಯಲ್ಲಿ ಮೇಲುಗೈ ಪಡೆದರು. ಆದ್ದರಿಂದ ಹೊಸ ತಂತ್ರದ ಆಕಾರ ಕೂಡಿಬರುವವರೆಗೆ ಸಾಲು ಅಭ್ಯಾಸವಿರಲಿ. ಆಮೇಲೆ ಪಂಚ್, ಕಿಕ್, ಬಿಡಿಸಿಕೊಳ್ಳುವಿಕೆಗಳನ್ನು ಕ್ರಮವಿಲ್ಲದೆ ಬೆರೆಸಬೇಕು. ಆ ಅವಧಿಯಲ್ಲಿ ನಿಮ್ಮ ಆಟ ಕೆಟ್ಟಂತೆ ಕಂಡರೆ ಗಾಬರಿಯಾಗುವ ಕಾರಣವಿಲ್ಲ.

ಬ್ಲಾಕ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದು. ಬೆಳಕು ಕಂಡೊಡನೆ ಗುಂಡಿ ಒತ್ತುವಂಥ ಸರಳ ಪ್ರತಿಕ್ರಿಯೆಗೇ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸಬೇಕಾದರೆ ಇನ್ನೂ ಹೆಚ್ಚು. ತೋಳಳತೆಯಲ್ಲಿ ನಿಂತವನ ಹೊಡೆತವನ್ನು ನೋಡಿ, ಗುರುತಿಸಿ, ಅದಕ್ಕೆ ತಕ್ಕ ಬ್ಲಾಕನ್ನು ಹುಡುಕುವಷ್ಟು ಸಮಯ ಸಿಗುವುದಿಲ್ಲ. ಅದಕ್ಕೆ ಬದಲಾಗಿ ಎರಡು ಹೆಜ್ಜೆ ದೂರ ಕಾಯ್ದುಕೊಂಡು, ಸಮಾಧಾನ ಹೇಳುವವರಂತೆ ಎರಡೂ ಅಂಗೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ಬಾಗಿಲು ಯಾವ ಕಡೆಯಿದೆ ಎಂದು ನೋಡಿಕೊಂಡು ಮಾತನಾಡುವುದನ್ನು ರೂಢಿಸಿಕೊಳ್ಳಿ. ಎದುರಿನವನ ಕೈಯಲ್ಲಿ ಚಾಕು ಕಂಡರೆ ಓಡುವುದೇ ಮೊದಲ ತಂತ್ರ. ದೋಜೋದಲ್ಲಿ, ಅಂದರೆ ಅಭ್ಯಾಸದ ಕೋಣೆಯಲ್ಲಿ, ಒಮ್ಮೆ ರಬ್ಬರ್ ಚಾಕುವಿಗೆ ಬಣ್ಣ ಬಳಿದು ಆಡಿದರೆ, ಬಿಳಿ ಸಮವಸ್ತ್ರದ ಮೇಲೆ ಬೀಳುವ ಗೀರುಗಳೇ ಇದನ್ನು ಮನವರಿಕೆ ಮಾಡಿಕೊಡುತ್ತವೆ.

ಮೈಗೆ ಸಂಬಂಧಿಸಿದ ಕೆಲವು ಮಾತುಗಳು. ತಲೆಬುರುಡೆಗೆ ಬರಿಮುಷ್ಟಿಯಿಂದ ಹೊಡೆದವರ ಕಿರುಬೆರಳ ಬುಡದ ಮೂಳೆ ಮುರಿಯುವುದು ವೈದ್ಯರಿಗೆ ಚಿರಪರಿಚಿತ ಗಾಯವಾದ್ದರಿಂದ ಮುಖಕ್ಕೆ ಅಂಗೈ, ಹೊಟ್ಟೆಗೆ ಮುಷ್ಟಿ ಎಂದು ನೆನಪಿಡಿ. ಬೆಳೆಯುವ ಮಕ್ಕಳಿಗೆ ಮಕಿವಾರಾ ಎಂಬ ಗುದ್ದುಹಲಗೆಗೆ ಹೊಡೆಸುವುದೂ ಸಿಮೆಂಟ್ ನೆಲದ ಮೇಲೆ ಮುಷ್ಟಿ ದಂಡ ತೆಗೆಸುವುದೂ ಬೇಡ. ಒಂದು ನಿಮಿಷಕ್ಕೂ ಹೆಚ್ಚು ಕಾಲ ಸ್ನಾಯುವನ್ನು ಎಳೆದು ಹಿಡಿಯುವ ಸ್ಟ್ರೆಚಿಂಗ್ ಆ ಹೊತ್ತಿಗೆ ಬಲವನ್ನು ತುಸು ಕುಗ್ಗಿಸುವುದರಿಂದ ಅದನ್ನು ತರಗತಿಯ ಕೊನೆಗಿಟ್ಟು, ಆರಂಭದಲ್ಲಿ ಕಾಲು ಬೀಸುವುದು, ಜಿಗಿಯುವುದು, ನಿಧಾನ ಕಿಕ್ ಇವುಗಳಿಂದ ಮೈ ಕಾಯಿಸಬೇಕು. ತಲೆಗೆ ಪೆಟ್ಟು ಬಿದ್ದು ಮಂಕು ಕವಿದವರನ್ನು ಆ ದಿನ ಮತ್ತೆ ಕುಮಿತೆಗೆ (ಜೋಡಿ ಸೆಣಸಾಟಕ್ಕೆ) ಇಳಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಆತ್ಮರಕ್ಷಣೆಯ ತರಬೇತಿ ನಿಜಕ್ಕೂ ಫಲ ಕೊಡುತ್ತದೆಯೇ ಎಂಬ ಪ್ರಶ್ನೆಗೆ ಬಲವಾದ ಉತ್ತರವೊಂದು ಕೆನಡಾದಿಂದ ಬಂದಿದೆ. ಚಾರ್ಲೀನ್ ಸೆನ್ ಮತ್ತು ಸಂಗಡಿಗರು ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಟ್ಟು 12 ಗಂಟೆಗಳ ತರಬೇತಿ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ತರಬೇತಿಯಿಲ್ಲದ ಗುಂಪಿನಲ್ಲಿ ಶೇ 9.8, ತರಬೇತಿ ಪಡೆದವರಲ್ಲಿ ಶೇ 5.2. ಆ 12 ಗಂಟೆಗಳಲ್ಲಿ ಹೊಡೆತಗಳಿಗೆ ಸಿಕ್ಕಿದ್ದು ಒಂದು ಪಾಲು ಮಾತ್ರ. ಪರಿಚಯದವನೇ ಮಿತಿ ಮೀರುತ್ತಿದ್ದಾನೆಂದು ಗುರುತಿಸುವುದು, ಸಂಕೋಚವನ್ನು ಬದಿಗಿಟ್ಟು ಗಟ್ಟಿ ದನಿಯಲ್ಲಿ ಬೇಡವೆನ್ನುವುದು, ಎದ್ದು ಹೊರಡುವುದು ಇವೂ ಪಾಠಗಳಾಗಿದ್ದವು. ನಮ್ಮ ತರಗತಿಗಳಲ್ಲಿ ಹುಡುಗಿಯರಿಗೆ ಕಿಕ್ ಮಾತ್ರ ಕಲಿಸಿ ಕಳಿಸುವ ಬದಲು, ವಾರಕ್ಕೊಮ್ಮೆಯಾದರೂ ಜೊತೆಗಾರ್ತಿಯೊಬ್ಬಳು ಪರಿಚಿತನ ಪಾತ್ರ ವಹಿಸಿ ಪುಸಲಾಯಿಸುವಾಗ 'ಕೈ ತೆಗಿ, ದೂರ ನಿಲ್ಲು' ಎಂದು ಕೂಗಿ ಹೇಳುವ ಅಭ್ಯಾಸ ಮಾಡಿಸಬೇಕು. ಹತ್ತು ಕಟಾ ಬಲ್ಲವರೂ ಮೊದಲ ಸಲ ಇದರಲ್ಲಿ ತಡವರಿಸುತ್ತಾರೆ.

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ 37ನೆಯ ಕಲಮಿನಂತೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಹಾಗಾಗಿ ಜೋಡಿ ಅಭ್ಯಾಸದ ಪ್ರತಿಯೊಂದು ಸುತ್ತೂ ಬಿದ್ದವನ ಮೇಲೆ ಇನ್ನೊಂದು ಪಂಚಿನಲ್ಲಿ ಮುಗಿಯದೆ, ಹಿಡಿತ ಬಿಟ್ಟೊಡನೆ ತಿರುಗಿ ಬಾಗಿಲಿನವರೆಗೆ ಓಡಿ, ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದಂತೆ ತಾನಿರುವ ಜಾಗವನ್ನು ಜೋರಾಗಿ ಹೇಳುವುದರಲ್ಲಿ ಮುಗಿಯಲಿ.