ಕ್ಲಾಸಿಕ್ ಟೊರ್ನಾಡೊಗೆ ಸ್ಪೋರ್ಟ್ ರಿಗ್ ಕೂರಿಸುವುದು

1976ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ ಟೊರ್ನಾಡೊ ಕ್ಯಾಟಮರಾನ್‌ನ (ಜೋಡಿ ಒಡಲಿನ ಹಾಯಿದೋಣಿ) ರಿಗ್, ಅಂದರೆ ಮಾಸ್ಟ್ (ಹಾಯಿಗಂಬ), ಹಾಯಿ, ತಂತಿಗಳ ಜೋಡಣೆ, 2000ದ ಸಿಡ್ನಿ ಕೂಟದ ಬಳಿಕ ಬದಲಾಯಿತು. ಸ್ಪಿನೇಕರ್ (ಮುಂದೆ ಉಬ್ಬಿ ನಿಲ್ಲುವ ದೊಡ್ಡ ಹಾಯಿ) ಸೇರಿತು, ಚುಕ್ಕಾಣಿ ಹಿಡಿಯುವವರಿಗೂ ಟ್ರಪೀಜ್ (ದೋಣಿಯ ಹೊರಗೆ ಜೋತು ನಿಲ್ಲಲು ಮಾಸ್ಟ್‌ನಿಂದ ಇಳಿದ ತಂತಿ) ಬಂತು. ಹಳೆಯದಕ್ಕೆ ಕ್ಲಾಸಿಕ್ ಎಂದೂ ಹೊಸದಕ್ಕೆ ಸ್ಪೋರ್ಟ್ ಎಂದೂ ಹೆಸರಾಯಿತು. ಒಡಲು ಮಾತ್ರ ಅದೇ: ಸುಮಾರು 6.1 ಮೀಟರ್ ಉದ್ದ, 3 ಮೀಟರ್ ಅಗಲ.

ಹಾಯಿಗೆ ದುಡ್ಡು ಸುರಿಯುವ ಮುಂಚೆ ಒಡಲು ನೋಡಿ. ಮೂತಿಯಿಂದ ಹಿಂದಕ್ಕೆ ನಾಣ್ಯದಿಂದ ತಟ್ಟುತ್ತಾ ಬನ್ನಿ. ಮಂದ ಸದ್ದು ಬಂದಲ್ಲಿ ಒಳಪದರ ಬಿಟ್ಟಿರುತ್ತದೆ. ಒಂದು ಮೂತಿ ಎತ್ತಿದಾಗ ಇನ್ನೊಂದು ತಡವಾಗಿ ಏಳುತ್ತಿದ್ದರೆ ಎರಡು ಒಡಲನ್ನು ಜೋಡಿಸುವ ಅಡ್ಡತೊಲೆಯ ಬೋಲ್ಟುಗಳ ಕೂರುಜಾಗ ಸವೆದಿದೆ. ಇಬ್ಬರೂ ತಂತಿಯಲ್ಲಿ ಜೋತುಬಿದ್ದರೆ ಆ ಸಡಿಲ ಬೇಗ ಬಿರುಕಾಗುತ್ತದೆ.

ಸ್ಪಿನೇಕರ್ ಕೋಲಿನ ಹಿಂತುದಿ ಮುಂದಿನ ತೊಲೆಯ ನಡುವಿಗೆ. ಮುಂತುದಿಯಿಂದ ಎರಡೂ ಮೂತಿಗೆ ತಂತಿ. ಹಾಯಿ ಕೋಲನ್ನು ಮೇಲಕ್ಕೆಳೆಯುವುದರಿಂದ ಮೂತಿಯ ಕೊಂಡಿ ಡೆಕ್ಕಿಗಿಂತ ಕೆಳಗೆ, ಒಳಮೈಯಲ್ಲಿರಬೇಕು. ಬರೀ ಸ್ಕ್ರೂ ಹಾಕಿದರೆ ಒಡಲಿನ ಹೊರಪದರವೇ ಕಿತ್ತುಬರುತ್ತದೆ. ಒಳಗೆ ಎಪಾಕ್ಸಿ-ಗ್ಲಾಸ್ ಪದರ ಕೊಟ್ಟು, ತಟ್ಟೆಯಿಟ್ಟು, ಆರಪಾರ ಬೋಲ್ಟ್ ಹಾಕಿ. ಎರಡು ತಂತಿಗಳ ಉದ್ದದಲ್ಲಿ 5 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬೇಡ. ಅಲ್ಯುಮಿನಿಯಂ ಕೋಲಿಗೆ ಸ್ಟೀಲ್ ತಾಗುವಲ್ಲಿ ನಿರೋಧಕ ಪೇಸ್ಟ್ ಹಚ್ಚದಿದ್ದರೆ ಉಪ್ಪುನೀರಿಗೆ ಬಿಳಿ ಪುಡಿಯೇಳುತ್ತದೆ.

ಸ್ಪಿನೇಕರ್ ಏರಿಸುವ, ಇಳಿಸುವ ಹಗ್ಗ ಒಂದೇ: ಒಂದು ತುದಿ ಹಾಯಿಯ ತಲೆಗೆ, ಇನ್ನೊಂದು ಇಳಿದ ಹಾಯಿ ಸೇರುವ ಚೀಲದ ಕೊಳವೆಯೊಳಗಿಂದ ಬಂದು ಹಾಯಿಯ ಹೊಟ್ಟೆಗೆ. ಉದ್ದವನ್ನು ಲೆಕ್ಕದಲ್ಲಿ ಹಿಡಿಯಬೇಡಿ. ಅಗ್ಗದ ದಾರ ಪೋಣಿಸಿ, ಹಾಯಿ ಪೂರ್ತಿ ಮೇಲಿದ್ದಾಗ ಒಮ್ಮೆ, ಪೂರ್ತಿ ಒಳಗಿದ್ದಾಗ ಒಮ್ಮೆ ನೋಡಿ, ಹೆಚ್ಚು ಬೇಡುವ ಅಳತೆ ಇಟ್ಟುಕೊಳ್ಳಿ. ಕೊಳವೆಯ ಬಾಯಂಚು ಕೆನ್ನೆಗೆ ಉಜ್ಜಿದರೂ ಗೀರದಷ್ಟು ನಯವಾಗಿರಲಿ.

ಹೆಚ್ಚು ಮಂದಿ ಕೈಸುಟ್ಟುಕೊಳ್ಳುವುದು ಮಾಸ್ಟ್‌ನಲ್ಲಿ. ಸ್ಪಿನೇಕರ್ ಅದರ ತುದಿಯನ್ನು ಮುಂದಕ್ಕೆ ಜಗ್ಗುತ್ತದೆ. ಹಿಂದಿನಿಂದ ಹಿಡಿದಿಡುವ ತಂತಿ ಈ ದೋಣಿಗಿಲ್ಲ, ದೊಡ್ಡ ಹಾಯಿಯ ಹಿಂಬದಿ ಅಂಚಿನ ಬಿಗಿಯೇ ಆ ಕೆಲಸ ಮಾಡಬೇಕು. ಗಾಳಿ ಜೋರಾಯಿತೆಂದು ಮೇನ್‌ಶೀಟ್ (ದೊಡ್ಡ ಹಾಯಿಯನ್ನು ಎಳೆದಿಡುವ ಹಗ್ಗ) ಸಡಿಲಿಸಿದರೆ ಮಾಸ್ಟ್ ಮುರಿಯಬಹುದು. ಸ್ಪಿನೇಕರ್ ಮೇಲಿರುವಷ್ಟು ಹೊತ್ತೂ ಆ ಹಗ್ಗ ಬಿಗಿಯಾಗಿಯೇ ಇರಲಿ. ಗಾಳಿ ಬಡಿದಾಗ ದೋಣಿಯನ್ನು ಗಾಳಿ ಬೀಸಿ ಹೋಗುವ ಕಡೆಗೆ ತಿರುಗಿಸಿ. ಸ್ಪಿನೇಕರ್ ಹಗ್ಗದ ಹೊಸ ರಾಟೆಗೆ ಮಾಸ್ಟ್‌ನಲ್ಲಿ ತೂತು ಕೊರೆಯುವಾಗ ಹಳೆಯ ರಿವೆಟ್‌ಗಳ ಅಡ್ಡಸಾಲಿನಲ್ಲೇ ಕೊರೆಯಬೇಡಿ, ಹರಿದ ಕಾಗದದಂತೆ ಅಲ್ಲೇ ಸೀಳುತ್ತದೆ.

ಎರಡನೇ ಟ್ರಪೀಜ್‌ಗೆ ಪ್ರತಿ ಬದಿಗೂ ಇನ್ನೊಂದು 2.5 ಮಿಲಿಮೀಟರ್ ತಂತಿ ಸಾಕು. ಅದರ ಜೊತೆಗೆ ಮಾಸ್ಟ್ ಹಿಡಿದಿಡುವ ಪಕ್ಕದ ತಂತಿಗಳನ್ನೂ ಅವುಗಳ ಶ್ಯಾಕಲ್‌ಗಳನ್ನೂ (ಲೋಹದ ಕೊಂಡಿ) ಬದಲಿಸಿ.

ಕೊನೆಗೆ ದೋಣಿಯನ್ನು ಒಣಗಿಸಿ ತೂಗಿಸಿ, ಹೊಸ ಹಾಯಿಗಳೊಡನೆ ಅಧಿಕೃತ ಅಳತೆಗೆ ಒಪ್ಪಿಸಿ. ಕ್ಲಾಸಿಕ್ ಪ್ರಮಾಣಪತ್ರ ತೋರಿಸಿ ಸ್ಪೋರ್ಟ್ ಓಟಕ್ಕೆ ಇಳಿಯಲಾಗದು.